ಕಾಲಿಲ್ಲದ ಮೇಜು

ಮರ ಜೌಗಿನಿಂದ ಮೇಲೆ ಬಂದ ದಿನ ನನ್ನ ಅಣ್ಣನ ಮುಂದಿನ ಎರಡು ಹಲ್ಲು ಹೋದವು.

ರೇವಿ ಗುಂಡಿಯಲ್ಲಿದ್ದ. ಸೊಂಟದ ತನಕ ಕೆಸರು. ಮೇಲೆ ಬಿಸಿಲು ಸುಡುತ್ತಿದ್ದರೂ ಜೌಗಿನ ಒಳಗೆ ಎಲುಬು ಕೊರೆಯುವ ಥಂಡಿ. ಮರದ ಹೊಟ್ಟೆಯ ಕೆಳಗೆ ಕೈಯಿಂದಲೇ ಕೆಸರು ಬಗೆದು, ಉಸಿರು ಕಟ್ಟಿ ಮುಳುಗಿ, ಸರಪಳಿಯನ್ನು ಆಚೆಗೆ ತೂರಿಸಿ ಕೊಕ್ಕೆ ಹಾಕಬೇಕು. ಆ ಕೆಲಸ ಯಂತ್ರಕ್ಕೆ ಬರುವುದಿಲ್ಲ. ಅದಕ್ಕೆ ನಮ್ಮವರೇ ಬೇಕು. ದಡದ ಮೇಲಿದ್ದ ಎರಡು ಯಂತ್ರಗಳು ಒಟ್ಟಿಗೆ ಎಳೆದವು. ಒಂದು ಕೊಕ್ಕೆ ಜಾರಿತು. ಸರಪಳಿಯ ತುದಿ ಬೀಸಿ ಬಂದು ರೇವಿಯ ಬಾಯಿಗೆ ಬಡಿಯಿತು.

ಜೌಗಿನ ಒಡೆಯ ರಸೆಲ್ ಹಾರ್ಗನ್ ದಡದಿಂದ ಕೂಗಿದ: "ಮರಕ್ಕೇನಾದ್ರೂ ತಾಗ್ತಾ?"

ನಾನು ಪಂಪಿನ ಕೊಳವೆ ಹಿಡಿದು ನಿಂತಿದ್ದೆ. ಅದನ್ನು ಬಿಸಾಕಿ ಗುಂಡಿಗೆ ಇಳಿದೆ. ರೇವಿ ಬಾಯಿ ತುಂಬ ರಕ್ತ ಉಗುಳಿದ. ಕೆಸರಿನ ಮೇಲೆ ಅದು ಕೆಂಪಗೆ ಕಾಣಲೂ ಇಲ್ಲ. ಕರಿ ನೀರಿನಲ್ಲಿ ಕರಗಿಹೋಯಿತು.

"ಅಳ್ಬೇಡ ಕಣೇ ಪಾರೆ," ಅಂದ. "ಚಿಕ್ಕವನಿದ್ದಾಗಿಂದ ಸೀಟಿ ಹೊಡೆಯೋಕೆ ಬರ್ತಿರ್ಲಿಲ್ಲ ನಂಗೆ. ಇನ್ಮೇಲೆ ಬರತ್ತೆ."

ನಾನು ಅಳುತ್ತಿರಲಿಲ್ಲ. ಹಾರ್ಗನ್‌ನ ಕಡೆ ನೋಡುತ್ತಿದ್ದೆ. ಅವನು ಮರವನ್ನು ನೋಡುತ್ತಿದ್ದ.

ಅದು ಕೌರಿ ಮರ, ನಮ್ಮ ಕಾಡಿನ ದೈತ್ಯ. ಚಕ್ಕೆ ಒಯ್ದು ಪರೀಕ್ಷೆ ಮಾಡಿದವರು ನಲವತ್ತೈದು ಸಾವಿರ ವರ್ಷ ಅಂದರು. ನಮ್ಮ ಹಿರಿಯರು ದೋಣಿಗಳಲ್ಲಿ ಈ ದ್ವೀಪಕ್ಕೆ ಬರುವ ಮೊದಲು ಇಲ್ಲಿ ಮನುಷ್ಯ ಅನ್ನುವವನೇ ಇರಲಿಲ್ಲ. ಆಗ ಬಿದ್ದ ಮರ. ಜೌಗು ಅದನ್ನು ಕೊಳೆಯಲು ಬಿಡಲಿಲ್ಲ. ತೊಳೆದಾಗ ತೊಗಟೆ ಇತ್ತು. ಕೊಂಬೆ ಮುರಿದ ಕಡೆ ಅಂಟು ಇತ್ತು. ಗರಗಸ ಹಾಕಿದಾಗ ನಿನ್ನೆ ಕಡಿದ ಮರದ ವಾಸನೆ ಬಂತು. ಕೆಲಸದವರೆಲ್ಲ ಸುಮ್ಮನೆ ನಿಂತುಬಿಟ್ಟೆವು. ಹಾರ್ಗನ್ ಮಾತ್ರ ಫೋನಿನಲ್ಲಿ ಮಾತಾಡುತ್ತಲೇ ಇದ್ದ.

ಆ ಜೌಗು ನಮ್ಮದಾಗಿತ್ತು. ಕೊಹುವೈ ಊರಿನ ಮಾಓರಿಗಳದ್ದು. ನಮ್ಮ ಅಜ್ಜನ ಕಾಲದಲ್ಲಿ ಬಿಳಿಯರು ಪಾಳು ನೆಲ ಎಂದು ಹೇಳಿ ನಮ್ಮ ಕೈಯಿಂದ ಕಿತ್ತುಕೊಂಡರು. ಅಲ್ಲಿ ನಾವು ಹಾವುಮೀನು ಹಿಡಿಯುತ್ತಿದ್ದೆವು. ನಾರಿನ ಗಿಡ ಕೊಯ್ದು ಚಾಪೆ ಹೆಣೆಯುತ್ತಿದ್ದೆವು. ಸತ್ತವರ ಎಲುಬನ್ನು ಶತ್ರುಗಳಿಗೆ ಸಿಗದ ಹಾಗೆ ಅಲ್ಲೇ ಅಡಗಿಸುತ್ತಿದ್ದೆವು. ಆದರೆ ಅಲ್ಲಿ ಹಸು ಮೇಯುತ್ತಿರಲಿಲ್ಲ. ಹಸು ಮೇಯದ ನೆಲ ಬಿಳಿಯರ ಕಣ್ಣಿಗೆ ಪಾಳು. ಅದು ಕೈಯಿಂದ ಕೈಗೆ ಹೋಗಿ ಹಾರ್ಗನ್‌ನ ಅಪ್ಪನಿಗೆ ಸೇರಿತು. ಹಸು ಅಲ್ಲಿ ಮೊಣಕಾಲು ತನಕ ಹೂತುಕೊಂಡವು. ಈಗ ಹಸು ಹೋಗಿ ಮರ ಬಂದಿತ್ತು.

ಹಾರ್ಗನ್ ಮೊದಲ ಪಂಪು ತಂದಾಗ ನಮ್ಮ ವಿಕಿ ಅತ್ತೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ವಿಕಿ ಅತ್ತೆ ನಮ್ಮಪ್ಪನ ತಂಗಿ. ತುಟಿಯ ಮೇಲೆ, ಗದ್ದದ ಮೇಲೆ ಹಚ್ಚೆ ಇರುವ ಹೆಂಗಸು. ಊರಲ್ಲಿ ಯಾರು ಸತ್ತರೂ ಬಂದವರನ್ನು ಮೊದಲು ಕೂಗಿ ಕರೆಯುವ ದನಿ ಅವಳದು. ಅವಳನ್ನು ಎಬ್ಬಿಸಲು ಹಾರ್ಗನ್‌ನಿಂದ ಆಗಲಿಲ್ಲ. ಅದಕ್ಕೇ ಅವನು ನಮ್ಮ ಸಭೆಮನೆಗೆ ಬಂದ.

ಮೊದಲು ಪಕ್ಕದ ಊಟದ ಮನೆಯಲ್ಲಿ ಕೂತ. ನಮ್ಮ ಜೊತೆ ಹಂದಿ ಮೂಳೆ, ಹೊಳೆಸೊಪ್ಪು ಕುದಿಸಿದ್ದು ಉಂಡ. ಎರಡನೇ ಸಲ ಹಾಕಿಸಿಕೊಂಡ. ಆಮೇಲೆ ಬೂಟು ಬಿಚ್ಚಿ ಸಭೆಮನೆಯೊಳಗೆ ಬಂದು, ಎದ್ದು ನಿಂತು ಹೇಳಿದ:

"ಈ ಮರದಿಂದ ಒಂದು ಮೇಜು ಮಾಡಿಸ್ತೀನಿ. ಅಂಥ ಮೇಜು ಈ ದೇಶದಲ್ಲೇ ಇನ್ನೊಂದು ಇರಬಾರ್ದು. ಪೇಟೇಲಿ ಹೊಸ ಸಭಾಂಗಣ ಕಟ್ತಿದಾರಲ್ಲ, ಅದ್ರಲ್ಲಿಡ್ತೀನಿ. ನೀವು, ನಾವು, ಎಲ್ಲ ಅದ್ರ ಸುತ್ತ ಒಟ್ಟಿಗೆ ಕೂರೋಣ. ಹೊರಗಿನವರ್ಯಾಕೆ? ನಿಮ್ಮ ಪಾರೆಹುಯಾನೇ ಅದನ್ನ ರೂಪಿಸ್ಲಿ."

ವಿಕಿ ಅತ್ತೆ ಎದ್ದು ಅವನ ಎದುರಿಗೆ ಬಂದಳು.

"ಇದು ಮಾತು ಕೊಟ್ಟ ಹಾಗೆ ಅಂತ ತಿಳ್ಕೋತೀನಿ ಮಗಾ," ಅಂದಳು. ಗೋಡೆಯ ಕಂಬಗಳಲ್ಲಿ ಕೆತ್ತಿದ್ದ ಹಿರಿಯರ ಕಡೆ ಕೈ ತೋರಿಸಿದಳು. "ನಾನೊಬ್ಳೇ ಅಲ್ಲ, ಇವ್ರೂ ಕೇಳಿಸ್ಕೊಂಡಿದಾರೆ."

"ಖಂಡಿತ," ಅಂದ ಹಾರ್ಗನ್.

ಮಾರನೆಯ ದಿನ ಅತ್ತೆ ಕುರ್ಚಿ ಮಡಚಿದಳು. ಗುಂಡಿಯ ಅಂಚಿನಲ್ಲಿ ನಿಂತು ಮರಕ್ಕೆ ಪ್ರಾರ್ಥನೆ ಹೇಳಿ, ಮೇಲೆ ಬರಲು ಅಪ್ಪಣೆ ಕೊಟ್ಟಳು.

ಪಾರೆಹುಯಾ ನಾನೇ. ನಗರದಲ್ಲಿ ಬಡಗಿ ಕೆಲಸ ಕಲಿತವಳು. ಪೀಠೋಪಕರಣದ ವಿನ್ಯಾಸ ಓದಿದವಳು. ಓದಿದ ಮೇಲೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ವರ್ಷಗಟ್ಟಲೆ ಬೇರೆಯವರು ರೂಪಿಸಿದ ಅಡುಗೆಮನೆ ಕಪಾಟುಗಳಿಗೆ ಉಪ್ಪುಕಾಗದ ಉಜ್ಜಿದೆ. ನಾನು ಬರೆದ ಚಿತ್ರಗಳನ್ನು ತೋರಿಸಿದರೆ, "ಚೆನ್ನಾಗಿದೆ, ನಿಮ್ಮ ಜನದ ಕಲೆ ಚೆನ್ನಾಗಿರತ್ತೆ," ಅನ್ನುತ್ತಿದ್ದರು. ಅದು ನಮ್ಮ ಜನದ ಕಲೆ ಅಲ್ಲ, ಒಂದು ಪುಸ್ತಕದ ಕಪಾಟು ಅಂತ ಹೇಳಿ ಹೇಳಿ ಸಾಕಾಗಿತ್ತು. ಹಾರ್ಗನ್‌ನ ಮಾತು ಕೇಳಿ ಆ ಕೆಲಸ ಬಿಟ್ಟು ಊರಿಗೆ ಬಂದೆ.

ಮರವನ್ನು ಕಬ್ಬಿಣದ ಗಾಡಿಯ ಮೇಲಿಟ್ಟು ನಡುವಿನಿಂದ ಒಂದೇ ಹಲಗೆ ಸೀಳಿದೆವು. ಹನ್ನೊಂದು ಮೀಟರ್ ಉದ್ದ. ಅಗಲ ಒಬ್ಬ ಆಳು ಕೈಕಾಲು ಚಾಚಿ ಮಲಗುವಷ್ಟು. ಅದು ಒಣಗಲು ಎರಡು ಚಳಿಗಾಲ ಬೇಕಾಯಿತು. ಅಷ್ಟು ದಿನ ನಾನು ಚಿತ್ರ ಬರೆದೆ, ಹರಿದೆ, ಮತ್ತೆ ಬರೆದೆ. ಮೇಜಿಗೆ ತಲೆ ಇರಬಾರದು ಅಂತ ನನ್ನ ಹಟ. ಎಲ್ಲಾ ದೊಡ್ಡ ಮೇಜಿಗೂ ಒಂದು ತಲೆ ಇರುತ್ತದೆ. ಅಲ್ಲಿ ಯಾವನೋ ಒಬ್ಬ ಕೂತು ಉಳಿದವರಿಗೆಲ್ಲ ಹೇಳುತ್ತಾನೆ. ನಾನು ಎರಡೂ ತುದಿಯನ್ನು ಒಳಕ್ಕೆ ಬಾಗಿಸಿದೆ. ಅಲ್ಲಿ ಕುರ್ಚಿ ಹಾಕಲು ಆಗುವುದಿಲ್ಲ. ಕೂರಬೇಕಾದರೆ ಎಲ್ಲರ ಜೊತೆ ಪಕ್ಕದಲ್ಲಿ ಕೂರಬೇಕು.

ಕಾಲುಗಳನ್ನು ಅದೇ ಮರದ ಬೇರಿನಿಂದ ಮಾಡಿದೆ. ಎಂಟು ಕಾಲು. ಬೇರು ಹೇಗೆ ತಿರುಗಿತ್ತೋ ಹಾಗೆಯೇ ತಿರುಗಲು ಬಿಟ್ಟು, ಒಂದರೊಳಗೆ ಒಂದು ಸಿಕ್ಕಿಸಿ, ಕಬ್ಬಿಣ ಇಲ್ಲದೆ ಹಲಗೆಯ ಭಾರ ಹೊರುವ ಹಾಗೆ. ಬೇರು ಕಲ್ಲಿನಷ್ಟು ಗಟ್ಟಿ. ಉಳಿ ದಿನಕ್ಕೆ ಹತ್ತು ಸಲ ಮೊಂಡಾಗುತ್ತಿತ್ತು. ಹಲಗೆ ಒಂದು ಕಡೆ ಬಿರುಕು ಬಿಟ್ಟಿತು. ಅದಕ್ಕೆ ಚಿಟ್ಟೆಯಾಕಾರದ ಕೀಲು ಕೂರಿಸಿ ಹಿಡಿದು ನಿಲ್ಲಿಸಿದೆ. ಆಮೇಲೆ ಹಲಗೆಯ ಮೇಲೆ ಮೊಣಕಾಲೂರದೆ, ಪಕ್ಕದಲ್ಲಿ ಬಗ್ಗಿ ನಿಂತು ಕೀಸುಳಿ ಹಿಡಿದು ನುಣುಪು ಮಾಡಿದೆ. ಅದರ ಮೇಲೆ ಹತ್ತಬಾರದಲ್ಲ. ಉಣ್ಣುವ ಜಾಗ. ಬೆನ್ನು ಬಿದ್ದುಹೋಯಿತು. ಎದೆಯಲ್ಲಿ ಪುಡಿ ಕೂತು ಕೆಮ್ಮಿದರೆ ಹಳದಿ ಬರುತ್ತಿತ್ತು.

ವಿಕಿ ಅತ್ತೆ ಒಮ್ಮೊಮ್ಮೆ ಬಂದು ಪೆಟ್ಟಿಗೆಯೊಂದರ ಮೇಲೆ ಕೂತು ಎತ್ತರ ನೋಡುತ್ತಿದ್ದಳು.

"ಮಂಡಿ ತಾಗ್ತದೆ ಕಣೇ. ಇನ್ನೂ ಎರಡು ಬೆರಳು ಎತ್ತು."

"ಅಷ್ಟೆತ್ತಿದ್ರೆ ಗಿಡ್ಡವರಿಗೆ ಕಷ್ಟ ಅತ್ತೆ."

"ಗಿಡ್ಡವ್ರು ಹೇಗೋ ತಿಂತಾರೆ. ಮುದುಕೀರು ಎದ್ದು ಜಗಳ ಆಡ್ಬೇಕಲ್ಲ, ಮಂಡಿ ಬಡ್ಕೊಂಡ್ರೆ ಮಾತು ಮರೆತುಹೋಗತ್ತೆ."

ಎರಡು ಬೆರಳು ಎತ್ತಿದೆ.

ಕೊನೆಯ ಕಾಲು ಮುಗಿದ ವಾರ ನನಗೆ ಜ್ವರ ಬಂತು. ಎರಡು ದಿನ ಮನೆಯಲ್ಲಿ ಮಲಗಿದೆ. ಮೂರನೆಯ ದಿನ ಮಧ್ಯಾಹ್ನ ರೇವಿ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

"ನಿನ್ನ ಕಾಲುಗಳು ಹೋದ್ವು ಕಣೇ," ಅಂದ.

"ಎಲ್ಲಿಗೆ?"

"ನಡ್ಕೊಂಡಂತೂ ಹೋಗ್ಲಿಲ್ಲ. ಲಾರೀಲಿ ಹೋದ್ವು. ನಗರದಲ್ಲಿ ಯಾವ್ದೋ ಅಂಗಡಿಗಂತೆ. ಒಂದೊಂದೂ ಬೇರೆ ಬೇರೆ ನಿಲ್ಲಿಸಿ, ಶಿಲ್ಪ ಅಂತ ಮಾರ್ತಾರಂತೆ."

"ನೀನೇನ್ ಮಾಡ್ತಿದ್ದೆ?"

ಅವನು ನೆಲ ನೋಡಿದ. "ಎತ್ತಿ ಹಾಕ್ದೆ. ಎತ್ತು ಅಂದ, ಎತ್ತಿದೆ. ಮನೇಲಿ ನಾಲ್ಕು ಬಾಯಿದಾವೆ ಪಾರೆ, ಹಾಗ್ ನೋಡ್ಬೇಡ."

ನಾನು ಜ್ವರದಲ್ಲೇ ಹಾರ್ಗನ್‌ನ ಶೆಡ್ಡಿಗೆ ಹೋದೆ. ಹಲಗೆ ಇತ್ತು. ಅದರ ಕೆಳಗೆ ಪೈನ್ ಮರದ ನಾಲ್ಕು ಕಾಲು. ಬೇಲಿಗೆ ನೆಡುವ ಗೂಟಕ್ಕೆ ಬಣ್ಣ ಬಳಿದ ಹಾಗಿತ್ತು. ಹಾರ್ಗನ್ ಮೂಲೆಯ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ.

"ಜ್ವರ ಬಿಡ್ತಾ?" ಅಂದ.

"ನನ್ನ ಕಾಲುಗಳೆಲ್ಲಿ?"

"ಕೂತ್ಕೋ. ನೋಡು ಪಾರೆ, ಆ ಸಭಾಂಗಣದ ಬಾಗಿಲಲ್ಲಿ ಈ ಮೇಜು ಹೋಗೋದೇ ಇಲ್ಲ."

"ಬಾಗಿಲು ನಾನೇ ಅಳೆದಿದೀನಿ. ಹೋಗತ್ತೆ."

ಅವನು ಕಾಫಿ ಕೆಳಗಿಟ್ಟ. ಸುಳ್ಳು ಹೇಳುವುದು ಬೇಜಾರಾದವನ ಹಾಗೆ ಉಸಿರು ಬಿಟ್ಟ.

"ಸರಿ. ಹೊರದೇಶದ ಒಂದು ಹೋಟೆಲ್‌ನವ್ರು ತಗೋತಿದಾರೆ. ಅವರಿಗೆ ಕಾಲು ಬೇಡ. ಹಲಗೆ ಸಾಕು. ಗೋಡೆಗೆ ನಿಲ್ಲಿಸ್ತಾರೋ, ತೆಳ್ಳಗೆ ಸೀಳಿ ಕೋಣೆಗಳಿಗೆಲ್ಲ ಹೊಡೀತಾರೋ, ಅವರಿಷ್ಟ."

"ಹಲಗೆ ದೇಶ ದಾಟೋ ಹಾಗಿಲ್ಲ. ಕಾನೂನಿದೆ. ಕೆಲಸ ಮುಗಿದ ವಸ್ತು ಮಾತ್ರ ಹೋಗಬೋದು."

"ಅದಕ್ಕೇ ತಾನೆ ಇದು ಮೇಜು?" ಅವನು ನಕ್ಕ. "ಕಾಲಿದ್ರೆ ಮೇಜು. ನೀನು ಮಾಡಿದ ಮೇಜು. ನಿನ್ನ ಹೆಸ್ರು, ನಿನ್ನ ಕುಲದ ಹೆಸ್ರು, ಎಲ್ಲ ಹಾಕ್ತೀನಿ. ನಿಮ್ಮೋರಿಗೆ ಹೆಮ್ಮೆ ಅಲ್ವಾ?"

"ಸಭೆಮನೇಲಿ ಏನ್ ಹೇಳಿದ್ದೆ ನೀನು?"

"ಅಯ್ಯೋ, ಅದು ಊಟ ಆದ್ಮೇಲೆ ಆಡಿದ ಮಾತು ಪಾರೆ."

ನನಗೆ ಬೈಗುಳ ಹೊಳೆಯಲಿಲ್ಲ. ಆಮೇಲೆ ಎಷ್ಟೋ ಹೊಳೆದವು.  ಅದು ಇವತ್ತಿಗೂ ನನ್ನನ್ನು ಉರಿಸುತ್ತದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ಹಾವುಮೀನು ಹೊಗೆಗೆ ಕಟ್ಟುತ್ತಿದ್ದಳು. ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗುರುವಾರ ಅದ್ಯಾವ್ದೋ ಫೋಟೋ ತೆಗೀತಾರಂತೆ," ಅಂದಳು. "ನನ್ನನ್ನೂ ಕರೆದಿದಾನೆ. ಗರಿ ಹೊದಿಕೆ ಹಾಕ್ಕೊಂಡು ಬಾ, ಬಂದೋರಿಗೆ ಸ್ವಾಗತ ಕೂಗು ಅಂತ."

"ಹೋಗ್ಬೇಡ ಅತ್ತೆ."

"ಹೋಗ್ತೀನಿ. ಅವನ ಬಾಯಿಂದ್ಲೇ ಕೇಳ್ಬೇಕು."

ಗುರುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಕಾರುಗಳು ತುಂಬಿದ್ದವು. ಹೋಟೆಲ್‌ನವರು ಬಂದಿದ್ದರು. ಒಳಗೆ ಅವರಿಗೆ ಗಾಜಿನ ಲೋಟದಲ್ಲಿ ವೈನು. ಹೊರಗೆ ಎಣ್ಣೆ ಡ್ರಮ್ಮಿನ ಮೇಲೆ ನಮಗೆ ಕಾಗದದ ಲೋಟದಲ್ಲಿ ಟೀ. ಅತ್ತೆ ಟೀ ಮುಟ್ಟಲಿಲ್ಲ. ಅವಳ ಅಜ್ಜಿ ಹೆಣೆದ ಹೊದಿಕೆ ಹೊದ್ದು, ನೆಟ್ಟಗೆ ಒಳಗೆ ಹೋದಳು. ಹಿಂದೆ ನಾನು. ನನ್ನ ಹಿಂದೆ ಊರಿನ ನಾಲ್ಕೈದು ಹೆಂಗಸರು. ರೇವಿ ದೀಪದ ಕಂಬ ಹಿಡಿದು ನಿಂತಿದ್ದ. ಅವತ್ತು ಅವನಿಗೆ ಕೊಟ್ಟ ಕೆಲಸ ಅದು.

ಹಲಗೆಯ ಮೇಲೆ ಒಬ್ಬ ಹುಡುಗಿ ಮಲಗಿದ್ದಳು. ಬೂಟು ಹಾಕಿಕೊಂಡು. ಫೋಟೋದವನು ಅವಳ ಕೂದಲನ್ನು ಹಲಗೆಯ ತುಂಬ ಹರಡುತ್ತಿದ್ದ.

 ಅತ್ತೆ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು:

"ಇಳಿ ಮಗಳೇ. ಅದು ಉಣ್ಣೋ ಜಾಗ."

ಹುಡುಗಿ ಗಾಬರಿಯಾಗಿ ಎದ್ದು ಕೂತಳು. ಇಳಿಯಲು ಕಾಲು ಕೆಳಗೆ ಬಿಟ್ಟಳು. ಅಷ್ಟರಲ್ಲಿ ಹಾರ್ಗನ್ ಬಂದ.

"ಮಲಕ್ಕೋ, ಮಲಕ್ಕೋ. ಇವರದ್ದು ಒಂದೊಂದಕ್ಕೂ ಒಂದು ಶಾಸ್ತ್ರ." ಆಮೇಲೆ ಅತ್ತೆಯ ಕಡೆ ತಿರುಗಿದ. "ವಿಕಿ, ಚೂರು ಹಿಂದೆ. ನಿನ್ನ ನೆರಳು ಬೀಳ್ತಿದೆ."

"ರಸೆಲ್," ಅಂದಳು ಅತ್ತೆ. "ಸಭೆಮನೇಲಿ ಮಾತು ಕೊಟ್ಟಿದ್ದೆ ನೀನು."

"ಆಮೇಲೆ ಮಾತಾಡೋಣ. ಆಚೆ ಟೀ ಇದೆ ನೋಡಿ."

ಅತ್ತೆ ಕದಲಲಿಲ್ಲ. ಫೋಟೋದವನ ಸಹಾಯಕ ಬಂದು ಅವಳ ಎರಡೂ ಭುಜ ಹಿಡಿದು, ಅಡ್ಡ ಬಂದ ಕುರ್ಚಿಯನ್ನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದ. ಹೊದಿಕೆಯ ಒಂದು ಗರಿ ಕಿತ್ತು ನೆಲಕ್ಕೆ ಬಿತ್ತು.  ಹಾರ್ಗನ್ ಹಲಗೆಯ ಮೇಲೆ ಹಾರಿ ಕೂತು, ಎರಡೂ ಕಾಲು ಇಳಿಬಿಟ್ಟು, ಫೋಟೋದವನಿಗೆ ಹೇಳಿದ: "ನಂದೂ ಒಂದು ತೆಗಿ."

ವಿಕಿ ಅತ್ತೆ ಅತ್ತಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಸತ್ತ ಮನೆಗಳಲ್ಲಿ ಅವಳು ಅಳುವುದು ಬೇರೆ. ಅದು ಎಲ್ಲರಿಗಾಗಿ. ಇದು ಸದ್ದಿಲ್ಲದೆ ಹಚ್ಚೆಯ ಮೇಲೆ ಇಳಿಯಿತು.

ಮಧ್ಯಾಹ್ನದ ಹೊತ್ತಿಗೆ ಸರ್ಕಾರದ ತಪಾಸಣೆಯವಳು ಬಂದಳು. ವಸ್ತು ದೇಶ ದಾಟುವ ಮೊದಲು ನೋಡಿ ಹೋಗುವವಳು. ಕೆಸರಾದ ಬೂಟು ಹೊರಗೆ ಒರೆಸಿಕೊಂಡು ಬಂದಳು. ಅಷ್ಟು ಮರ್ಯಾದೆ ಅವತ್ತು ಅವಳೊಬ್ಬಳಲ್ಲೇ ಕಂಡದ್ದು. ಹಲಗೆಯ ಸುತ್ತ ಒಂದು ಸುತ್ತು ಬಂದಳು.

"ಇದು ಕೆಲಸ ಮುಗಿದ ಮೇಜಾ?" ಕೇಳಿದಳು.

"ಮಾಡಿದವಳೇ ಇದಾಳಲ್ಲ, ಕೇಳಿ," ಅಂದ ಹಾರ್ಗನ್. ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದ. "ಈ ನೆಲದ ಮಗಳು. ಹೇಳು ಪಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಅಂದರೆ ಮುಗಿಯಿತು. ನನ್ನ ಹೆಸರು ಆ ಹೋಟೆಲ್‌ನಲ್ಲಿರುತ್ತದೆ. ಇನ್ನೊಂದು ಕೆಲಸ ಬರುತ್ತದೆ. ಉಪ್ಪುಕಾಗದ ಉಜ್ಜುವುದು ತಪ್ಪುತ್ತದೆ. ಇದೆಲ್ಲ ತಲೆಯಲ್ಲಿ ಬಂತು. ಬರಲಿಲ್ಲ ಅಂದರೆ ಸುಳ್ಳು. ಹಾರ್ಗನ್‌ನ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು. ಬೆವರಿದ, ಬೆಚ್ಚಗಿನ ಕೈ.

 ಗೋಡೆಯಿಂದ ಒಂದು ಸ್ಪ್ಯಾನರ್ ತೆಗೆದುಕೊಂಡೆ. ಹಲಗೆಯ ಕೆಳಗೆ ಅಂಗಾತ ಮಲಗಿದೆ.

"ಏಯ್, ಏನ್ ಮಾಡ್ತಿದೀಯ?" ಅಂದ ಹಾರ್ಗನ್.

ಒಂದೊಂದು ಕಾಲಿಗೂ ಎರಡೇ ಬೋಲ್ಟು. ಮೊದಲನೆಯ ಕಾಲು ಬಿಚ್ಚಿ ಆಚೆ ಎಸೆದೆ. ಅದು ಸಿಮೆಂಟಿನ ಮೇಲೆ ಟೊಳ್ಳು ಸದ್ದು ಮಾಡುತ್ತ ಉರುಳಿತು. ಎರಡನೆಯದು. ಯಾರೋ ನನ್ನ ಕಾಲು ಹಿಡಿದು ಎಳೆದರು. ಒದ್ದು ಬಿಡಿಸಿಕೊಂಡೆ.

"ಬಿಡಿ ಅವಳನ್ನ," ಅಂದಳು ತಪಾಸಣೆಯವಳು.

ಮೂರನೆಯದು. ನಾಲ್ಕನೆಯದು. ಎದ್ದು ಬಂದೆ. ತಲೆಯಲ್ಲಿ ಪುಡಿ, ಬಾಯಲ್ಲಿ ಪುಡಿ. ಹಲಗೆ ಇದ್ದಲ್ಲೇ ಇತ್ತು. ಕೂದಲೆಳೆಯಷ್ಟೂ ಕದಲಿರಲಿಲ್ಲ. ನಡುವೆ ಕತ್ತಲಲ್ಲಿ ಅದನ್ನು ಹೊತ್ತಿದ್ದದ್ದು ಕಬ್ಬಿಣದ ಗಾಡಿ. ಮರ ಸೀಳುವಾಗಲೂ ಅದರ ಮೇಲೇ ಇತ್ತು.

"ನೋಡಿ," ಅಂದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿತು. "ಕಾಲೆಲ್ಲ ಹೋಯ್ತು. ಬೀಳ್ಲಿಲ್ಲ. ಯಾಕಂದ್ರೆ ಇದು ಮೇಜಲ್ಲ. ಹಲಗೆ. ಮೇಜನ್ನ ನಾನು ಮಾಡಿದ್ದೆ. ಅದರ ಕಾಲು ಇವನು ಮಾರ್ಕೊಂಡಿದಾನೆ. ನನ್ನ ಹೆಸ್ರು ಇದಕ್ಕೆ ಹಾಕಿದ್ರೆ ನಾನು ಕೋರ್ಟಿಗೆ ಬರ್ತೀನಿ."

ತಪಾಸಣೆಯವಳು ಬಗ್ಗಿ ಗಾಡಿಯನ್ನು ನೋಡಿದಳು. ಎದ್ದು ಹೇಳಿದಳು: "ಇದು ಹೋಗೋದಿಲ್ಲ."

ಹೋಟೆಲ್‌ನವರು ಲೋಟ ಕೆಳಗಿಟ್ಟರು. ಹಾರ್ಗನ್ ಮುಖ ಹಂದಿ ಮಾಂಸದ ಹಾಗೆ ಕೆಂಪಾಯಿತು.

"ತೊಲಗಿ," ಅಂದ. "ಎಲ್ರೂ. ರೇವಿ, ನೀನೂ."

"ನಾನೇನ್ ಮಾಡ್ದೆ?" ಅಂದ ರೇವಿ. ದೀಪ ಇನ್ನೂ ಅವನ ಕೈಯಲ್ಲೇ ಇತ್ತು.

"ಅವಳಣ್ಣ ಅಲ್ವಾ ನೀನು?"

ಗೇಟಿನ ಹೊರಗೆ ಬಂದ ಮೇಲೆ ಹೆಂಗಸರು ನನ್ನನ್ನು ತಬ್ಬಿಕೊಂಡರು. ರೇವಿ ತಬ್ಬಲಿಲ್ಲ.

"ಖುಷಿನಾ?" ಅಂದ. "ನಿನಗೆ ಓದು ಇದೆ, ಕೈಯಲ್ಲಿ ವಿದ್ಯೆ ಇದೆ, ಎಲ್ಲಾದ್ರೂ ಹೋಗ್ತೀಯ. ನಂಗೆ ಕೆಸರಲ್ಲಿ ಮುಳುಗೋದು ಬಿಟ್ರೆ ಏನ್ ಬರತ್ತೆ? ನನ್ನ ಕೇಳಿದ್ಯಾ ನೀನು, ಆ ಬೋಲ್ಟು ಬಿಚ್ಚೋಕೆ ಮುಂಚೆ?"

ಕೇಳಿರಲಿಲ್ಲ.  ಅವನು ಬೇರೆ ದಾರಿಯಲ್ಲಿ ಮನೆಗೆ ಹೋದ.

ಆ ಗೆಲುವು ಒಂದು ತಿಂಗಳೂ ಬಾಳಲಿಲ್ಲ. ಹಾರ್ಗನ್ ನಗರದಿಂದ ಒಬ್ಬ ವಿನ್ಯಾಸಗಾರನನ್ನು ಕರೆಸಿದ. ಅವನು ಬೆಳಿಗ್ಗೆ ಬಂದು ಸಂಜೆ ಹೋದ. ಕಬ್ಬಿಣದ ಆರು ಕಾಲು ಬಂದವು. ಈ ಸಲ ಅವು ನಿಜವಾಗಿ ಭಾರ ಹೊರುತ್ತಿದ್ದವು. ಕಾಲಿದೆ, ಭಾರ ಹೊರುತ್ತದೆ, ಮೇಜು. ಆ ಕಡೆ ಇಳಿಸಿದ ಮೇಲೆ ಬಿಚ್ಚುತ್ತಾರೆ ಅಂತ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಕಾನೂನಿಗೆ ಹೇಗೆ ತೋರಿಸುವುದು? ನಾನು ಕಚೇರಿಗಳಿಗೆ ಫೋನು ಮಾಡಿದೆ. ಕಾಯಿಸಿದರು. ಸಂಗೀತ ಕೇಳಿಸಿದರು. ಕಡಿದುಹೋಯಿತು. ವಕೀಲನೊಬ್ಬ, "ನೆಲ ನಿಮ್ದಾ? ಮರ ನಿಮ್ದಾ? ಹಾಗಾದ್ರೆ ನಿಮಗೇನು ನಷ್ಟ?" ಅಂತ ಕೇಳಿದ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ. ಅದೇ ಇನ್ನಷ್ಟು ಉರಿಯಿತು.

ಲಾರಿ ಬರುವ ದಿನ ಗೊತ್ತಾದಾಗ ನಾನು ವಿಕಿ ಅತ್ತೆಯ ಮನೆಗೆ ಹೋಗಿ ಕೂತೆ.

"ಇನ್ನೇನೂ ಉಳಿದಿಲ್ಲ ಅತ್ತೆ."

"ಲಾರಿ ಯಾವ ಹೊತ್ತಿಗೆ?"

"ಮಧ್ಯಾಹ್ನ."

"ಊಟದ ಹೊತ್ತು," ಅಂದಳು ಅವಳು. "ಶೆಡ್ಡಿಂದ ಹೆದ್ದಾರಿಗೆ ಇರೋದು ಒಂದೇ ದಾರಿ. ನಮ್ಮ ಊಟದ ಮನೆ ಮುಂದೆನೇ ಹೋಗ್ಬೇಕು. ಒಳಗೆ ಸೆಕೆ ಕಣೇ. ಅವತ್ತು ಆಚೆ ಉಣ್ಣೋಣ."

ಊಟದ ಮನೆಯಲ್ಲಿ ಮಡಚುವ ಮೇಜುಗಳಿದ್ದವು. ಪ್ಲೈವುಡ್ಡಿನವು. ಮದುವೆಗೂ ಸಾವಿಗೂ ಅವೇ. ಲಾರಿ ಬರುವ ದಿನ ಬೆಳಿಗ್ಗೆ ಹೆಂಗಸರು ಎರಡೂ ಕಡೆ ಹಿಡಿದು ಅವನ್ನು ಹೊರಗೆ ತಂದರು. ಭಾರದವನ್ನು ಎತ್ತಲು ಗಂಡಸರು ಸಾಕಾಗಲಿಲ್ಲ. ಹಾರ್ಗನ್‌ನ ಕೂಲಿ ತಪ್ಪೀತೆಂದು ಅರ್ಧ ಜನ ಬಂದಿರಲಿಲ್ಲ. ನಾನೊಂದು ಮೇಜನ್ನು ಒಬ್ಬಳೇ ಎಳೆಯುತ್ತಿದ್ದೆ. ಅದರ ಇನ್ನೊಂದು ತುದಿ ತಟ್ಟನೆ ಹಗುರಾಯಿತು. ತಿರುಗಿದರೆ ರೇವಿ.

"ಬೆನ್ನು ಬಗ್ಗಿಸಿ ಎತ್ತಬಾರ್ದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?" ಅಂದ.

"ನೀನ್ಯಾಕೆ ಬಂದೆ?"

"ಊಟ ಅಂದ್ರಲ್ಲ, ಬಂದೆ. ಕೆಲಸ ಇಲ್ದೋನಿಗೆ ಹಸಿವು ಜಾಸ್ತಿ."

ದಾರಿಗೆ ಅಡ್ಡಲಾಗಿ, ಈ ಬೇಲಿಯಿಂದ ಆ ಬೇಲಿಯ ತನಕ ಮೇಜು ಜೋಡಿಸಿದೆವು. ಬಿಳಿ ಹಾಸು ಹಾಸಿದೆವು. ಹೊಗೆಗೆ ಕಟ್ಟಿದ ಹಾವುಮೀನು, ಚಿಪ್ಪುಮೀನು, ಬೇಯಿಸಿದ ಗೆಣಸು, ಕರಿದ ಬ್ರೆಡ್ಡು, ಬೆಣ್ಣೆ. ಮುದುಕ ಮುದುಕಿಯರನ್ನು ಮೊದಲು ಕೂರಿಸಿದೆವು. ವಿಕಿ ಅತ್ತೆ ಪ್ರಾರ್ಥನೆ ಹೇಳಿದಳು. ಬಡಿಸಲು ಶುರು ಮಾಡಿದಾಗ ಲಾರಿ ಬಂತು.

ಹನ್ನೊಂದು ಮೀಟರ್ ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ, ಪೆಟ್ಟಿಗೆಯೊಳಗಿಟ್ಟು, ಮೇಲೆ ಹಗ್ಗ ಬಿಗಿದಿದ್ದರು. ಹಿಂದೆ ಹಾರ್ಗನ್‌ನ ಕಾರು. ಲಾರಿಯವನು ಪಕ್ಕದ ಊರಿನ ನಮ್ಮವನೇ. ಬ್ರೇಕ್ ಹಾಕಿ, ತಲೆ ಹೊರಗೆ ಹಾಕಿದ.

"ಏನತ್ತೆ ಇದು?"

"ಕಾಣಲ್ವಾ? ಊಟ. ಕೈ ತೊಳ್ಕೊಂಡು ಬಾ."

"ದಾರಿ ಬಿಡ್ಬೇಕಲ್ಲ."

"ಉಂಡು ಬಿಡ್ತೀವಿ. ನಮ್ಮೋರು ನಿಧಾನ."

ಅವನು ಕನ್ನಡಿಯಲ್ಲಿ ಹಿಂದಿನ ಕಾರು ನೋಡಿದ. ಮೇಜಿನ ಮೇಲಿನ ಹಾವುಮೀನು ನೋಡಿದ. ಎಂಜಿನ್ ಆರಿಸಿ ಇಳಿದು ಬಂದು ರೇವಿಯ ಪಕ್ಕ ಕೂತ. ಹಾರ್ಗನ್ ಓಡಿ ಬಂದ. ಲಾರಿ ಹತ್ತು ಅಂದ. ಲಾರಿಯವನು ಬಾಯಿ ತುಂಬ ಇಟ್ಟುಕೊಂಡು, "ತಿನ್ನುವಾಗ ಏಳಬಾರ್ದು. ನಮ್ಮದು ಒಂದೊಂದಕ್ಕೂ ಒಂದು ಶಾಸ್ತ್ರ," ಅಂದ. ಆ ಮಾತು ಅವನಿಗೆ ಹೇಗೆ ತಲುಪಿತ್ತೋ. ಅವತ್ತು ಇಡೀ ಊರು ನಕ್ಕಿತು. ಮುದುಕರೂ ಕೆಮ್ಮುತ್ತ ನಕ್ಕರು.

ನಗು ಅಷ್ಟಕ್ಕೇ. ಪೊಲೀಸರು ಬಂದರು. ಅವರಲ್ಲೂ ಒಬ್ಬ ನಮ್ಮವನು. ಅವನು ಯಾರ ಕಣ್ಣನ್ನೂ ನೋಡಲಿಲ್ಲ. ಎರಡು ಸಲ ಹೇಳಿದರು. ಮೂರನೆಯ ಸಲ ಎತ್ತಿದರು. ತಟ್ಟೆಗಳ ಸಮೇತ ಮೇಜುಗಳನ್ನು ಬದಿಗಿಟ್ಟರು. ವಿಕಿ ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಹುಲ್ಲಿನ ಮೇಲಿಟ್ಟರು. ಅವಳು ಗೆಣಸು ತಿನ್ನುವುದನ್ನು ನಿಲ್ಲಿಸಲಿಲ್ಲ. ನನ್ನನ್ನೂ ರೇವಿಯನ್ನೂ ಕೈ ಹಿಂದಕ್ಕೆ ತಿರುಚಿ ಬೇಲಿಗೆ ಒತ್ತಿ ಹಿಡಿದರು. ಲಾರಿಯವನು ಕೀಲಿಕೈಯನ್ನು ಮೇಜಿನ ಮೇಲಿಟ್ಟು, ನಾನು ಓಡಿಸಲ್ಲ ಅಂದ. ಹಾರ್ಗನ್ ಕೀಲಿಕೈ ಕಿತ್ತುಕೊಂಡು ತಾನೇ ಹತ್ತಿದ. ಲಾರಿ ನೆಲಕ್ಕೆ ಜಾರಿದ್ದ ಬಿಳಿ ಹಾಸಿನ ಮೇಲೆ ಹೋಯಿತು. ಧೂಳು ಊಟದ ಮೇಲೆಲ್ಲ ಕೂತಿತು.

ಹಲಗೆ ಹೋಯಿತು. ನಾವು ಗೆಲ್ಲಲಿಲ್ಲ. ಈಗ ಅದು ಎಲ್ಲಿದೆಯೋ, ಒಂದಾಗಿದೆಯೋ ನೂರಾಗಿದೆಯೋ, ನಮಗೆ ಯಾರೂ ಹೇಳಿಲ್ಲ. ಹೇಳುವುದೂ ಇಲ್ಲ.

ಪೊಲೀಸರು ಹೋದರು. ನಾನು ನೆಲದ ಮೇಲೆ ಕೂತು, ಮಣ್ಣಾದ ಹಾಸನ್ನು ಮಡಚಲು ಹೋದೆ.

"ಮಡಚ್ಬೇಡ," ಅಂದಳು ವಿಕಿ ಅತ್ತೆ.

"ಇನ್ಯಾಕೆ ಅತ್ತೆ? ಹೋಯ್ತಲ್ಲ."

"ಒಂದು ಹೋಯ್ತು. ಆ ಗುಂಡಿ ಕೆಳಗೆ ಇನ್ನೂ ಮೂರು ಮರ ಮಲಗಿದಾವೆ. ಅವನು ನಾಳೆ ಪಂಪು ತರ್ತಾನೆ." ಅವಳು ತಟ್ಟೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು. "ಪಂಪು ಹಾರ್ಕೊಂಡು ಬರೋದಿಲ್ಲ. ಇದೇ ದಾರೀಲಿ ಬರ್ಬೇಕು. ಮೇಜು ವಾಪಸ್ ಇಡಿ."

 ಮೊದಲು ಎದ್ದವನು ರೇವಿ. ಒಂದು ಮೇಜಿನ ತುದಿ ಹಿಡಿದು, ಇನ್ನೊಂದು ತುದಿಗೆ ನನ್ನನ್ನು ಕಣ್ಣಲ್ಲೇ ಕರೆದ. ಬೆಳಿಗ್ಗೆ ಬಾರದವರು ಒಬ್ಬೊಬ್ಬರೇ ಮನೆಗಳಿಂದ ಬಂದರು. ಯಾರೂ ಕ್ಷಮೆ ಕೇಳಲಿಲ್ಲ. ಕುರ್ಚಿ ತಂದಿದ್ದರು.

ಮಾರನೆಯ ಬೆಳಿಗ್ಗೆ ಪಂಪಿನ ಗಾಡಿ ಬಂತು. ಹಿಂದೆ ಹಾರ್ಗನ್‌ನ ಕಾರು. ಹಾರ್ನ್ ಹೊಡೆದ. ಕೈ ತೆಗೆಯದೆ ಹೊಡೆದ.

ವಿಕಿ ಅತ್ತೆ ತಿರುಗಿ ನೋಡಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನನಗೆ ಹೇಳಿದಳು:

"ಈ ಸಲ ಅವನಿಗೆ ಬಡಿಸ್ಬೇಡ."